ವೆಬ್ ಡೆವಲಪ್‌ಮೆಂಟ್: ಪ್ರಾಜೆಕ್ಟ್ ಮಾಡುತ್ತಲೇ ಕಲಿಯಬೇಕಾ?

ಪರ: ಕೆಲಸಕ್ಕೆ ಕೈ ಹಾಕಿ, ಉಳಿದದ್ದು ತಾನಾಗಿ ಬರುತ್ತದೆ

ನಾನು ಐದು ತಿಂಗಳು ನೋಟ್ಸ್ ಬರೆದೆ. ಪೇಜಿನ ಹಂದರ ಕಟ್ಟುವ ಎಚ್‌ಟಿಎಂಎಲ್ ಟ್ಯಾಗ್‌ಗಳು, ಅದರ ಅಂದ ನೋಡಿಕೊಳ್ಳುವ ಸಿಎಸ್‌ಎಸ್‌ನ ಬಾಕ್ಸ್ ಮಾಡೆಲ್, ಪೇಜಿನಿಂದ ಕೆಲಸ ಮಾಡಿಸುವ ಜಾವಾಸ್ಕ್ರಿಪ್ಟ್‌ನ ಡೇಟಾ ಟೈಪ್‌ಗಳು (ಅಂಕಿ, ಅಕ್ಷರ ಹೀಗೆ ಮಾಹಿತಿಯ ಬಗೆಗಳು) ಎಲ್ಲ ಬಾಯಿಪಾಠ. ಆದರೆ ಖಾಲಿ ಫೈಲ್ ತೆರೆದು ಕೂತರೆ ಮೊದಲ ಸಾಲೇ ಹೊಳೆಯುತ್ತಿರಲಿಲ್ಲ.

ಆಗ ಸಾಗರದ ಹತ್ತಿರ ಇರುವ ನಮ್ಮ ಚಿಕ್ಕಮ್ಮ ಫೋನ್ ಮಾಡಿದರು. "ಹಪ್ಪಳ, ಬಾಳಕಕ್ಕೆ ಆರ್ಡರ್ ತಗೊಳ್ಳೋಕೆ ಒಂದು ಪೇಜ್ ಮಾಡಿಕೊಡೋ ಮಾರಾಯ. ಚೀಟಿ ಬರೆದು ಬರೆದು ಸಾಕಾಯ್ತು." ಬೆಲೆ ಆಗಾಗ ಬದಲಾಗುತ್ತದೆ, ಹಾಗಾಗಿ ಅದನ್ನು ಅವರೇ ತುಂಬುವ ಹಾಗೆ ಬಾಕ್ಸ್ ಇಟ್ಟೆ. ಊರಿಗೆ ಹೋಗಿ, ಅವರ ಮುಂದೆ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆ. ಹಲಸಿನ ಹಪ್ಪಳ 120, ಬಾಳಕ 80. ಒಟ್ಟು ಬಂದದ್ದು 12080. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. ಏನೂ ಹೇಳಲಿಲ್ಲ.

ಆ ರಾತ್ರಿ ಎರಡು ಗಂಟೆ ಹುಡುಕಿದೆ. ಬಾಕ್ಸ್‌ನಲ್ಲಿ ನಾವು ಅಂಕಿ ತುಂಬಿದರೂ ಜಾವಾಸ್ಕ್ರಿಪ್ಟ್ ಕೈಗೆ ಸಿಗುವುದು ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಪ್ಲಸ್ ಹಾಕಿದರೆ ಅದು ಕೂಡಿಸುವುದಿಲ್ಲ, ಒಂದರ ಪಕ್ಕ ಒಂದನ್ನು ಅಂಟಿಸುತ್ತದೆ. ನಂಬರ್‌ಗೆ ಬದಲಿಸಿದೆ, 200 ಬಂತು. ಡೇಟಾ ಟೈಪ್ ಬಗ್ಗೆ ನೋಟ್ಸಿನಲ್ಲಿ ಮೂರು ಪುಟ ಬರೆದಿದ್ದೆ. ತಲೆಗೆ ಹತ್ತಿದ್ದು ಆ ರಾತ್ರಿ.

ಮಾರನೇ ದಿನ ಅವರ ಫೋನಿನಲ್ಲಿ ತೆರೆದರೆ ಅಕ್ಷರಗಳು ಸಾಸಿವೆಯಷ್ಟು. ವ್ಯೂಪೋರ್ಟ್ ಮೆಟಾ ಟ್ಯಾಗ್ ಅಂತ ಒಂದು ಸಾಲು ಬಿಟ್ಟುಹೋಗಿತ್ತು. ಅದಿಲ್ಲದಿದ್ದರೆ ಫೋನಿನ ಬ್ರೌಸರ್ ಪೇಜನ್ನು ಸಾಮಾನ್ಯವಾಗಿ 980 ಪಿಕ್ಸೆಲ್ ಅಗಲಕ್ಕೆ ಹರಡಿ, ಆಮೇಲೆ ಕುಗ್ಗಿಸಿ ತೋರಿಸುತ್ತದೆ. ಅದು ಸರಿಹೋಯಿತು. ಆದರೆ ರಿಫ್ರೆಶ್ ಮಾಡಿದ ಕೂಡಲೇ ಆರ್ಡರ್ ಎಲ್ಲ ಮಾಯ! ಮಾಹಿತಿ ಉಳಿಸಿಡುವ ಡೇಟಾಬೇಸ್ ಯಾಕೆ ಬೇಕು ಅಂತ ನನಗೆ ಆಗ ಯಾರೂ ಪಾಠ ಮಾಡಬೇಕಾಗಲಿಲ್ಲ. ನಾನೇ ಹುಡುಕಿಕೊಂಡು ಹೋದೆ.

ವೆಬ್ ಹುಟ್ಟಿದ್ದೂ ಹೀಗೇ ಅಲ್ವಾ? 1989ರಲ್ಲಿ ಟಿಮ್ ಬರ್ನರ್ಸ್-ಲೀ ಮುಂದೆ ಇದ್ದದ್ದು ಒಂದು ತೊಂದರೆ: ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಮಾಹಿತಿ ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಚದುರಿತ್ತು. ಅದನ್ನು ಬಗೆಹರಿಸಲು ಹೋಗಿ ವೆಬ್ ಬಂತು. ಕಾನ್ಸೆಪ್ಟ್ ಮೊದಲು ಅನ್ನುವವರು ಪಾಯ ತೋಡುತ್ತಲೇ ಇರುತ್ತಾರೆ, ಗೋಡೆ ಏಳುವುದೇ ಇಲ್ಲ. ಚಿಕ್ಕಮ್ಮನ ಪೇಜ್‌ಗೆ ಹೋದ ವಾರವೂ ಆರ್ಡರ್ ಬಂತು.

ವಿರೋಧ: ಮೊದಲು ಸ್ವಲ್ಪ ಓದಿ

ಈ ಪಕ್ಷದಲ್ಲಿ ಬರೆಯಿರಿ ಎಂದು ನನ್ನನ್ನು ಕೇಳಿದರು. ಪ್ರಾಜೆಕ್ಟೇ ಬೇಡ ಎಂದು ನಾನು ಹೇಳಲಾರೆ. ಆದರೆ ಮೊದಲೇ ಪ್ರಾಜೆಕ್ಟ್ ಅಂದರೆ ಎಷ್ಟೋ ಸಲ ಆಗುವುದು ಇಷ್ಟೇ: ವಿಡಿಯೊ ನೋಡಿಕೊಂಡು ಟು-ಡೂ ಲಿಸ್ಟ್ ಕಾಪಿ ಹೊಡೆಯುವುದು. ಎಲ್ಲಾದರೂ ನಿಂತರೆ ಇನ್ನೊಂದು ವಿಡಿಯೊ.

ಒಂದು ಉದಾಹರಣೆ ಕೊಡುತ್ತೇನೆ. ಪದವನ್ನು ಹಿಂದಿನಿಂದ ಓದಿದರೂ ಅದೇ ಬರುತ್ತದಾ ಎಂದು ನೋಡುವ ಪ್ರೋಗ್ರಾಮನ್ನು ಹೊಸಬರು ಬರೆಯುತ್ತಾರೆ. ಅದಕ್ಕೆ 'ವಿಕಟಕವಿ' ಕೊಡಿ. ಇಂಗ್ಲಿಷ್ ಪದಗಳಿಗೆ ಸರಿಯಾಗಿ ನಡೆಯುವ ಕೋಡ್ ಇಲ್ಲಿ 'ಅಲ್ಲ' ಅನ್ನುತ್ತದೆ. ನಮಗೆ ಕಾಣುವುದು ಐದು ಅಕ್ಷರ, ಜಾವಾಸ್ಕ್ರಿಪ್ಟ್ ಎಣಿಸುವುದು ಏಳು. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ 'ವ' ಬೇರೆ, ಅದರ ಗುಡಿಸು ಬೇರೆ. ತಿರುಗಿಸಿದಾಗ ಕೊನೆಯ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು ಕೂರುತ್ತದೆ. ಇದು ಗೊತ್ತಿಲ್ಲದವರು ಕೋಡಿನಲ್ಲೇ ಸುಮ್ನೆ ತಡಕಾಡುತ್ತಿರುತ್ತಾರೆ. ತಪ್ಪು ಇರುವುದು ಅಲ್ಲಿ ಅಲ್ಲ.

ಜಾವಾಸ್ಕ್ರಿಪ್ಟ್ ಹತ್ತು ದಿನದಲ್ಲಿ ಹುಟ್ಟಿತು, ನಾವೂ ನೇರ ಶುರು ಮಾಡೋಣ ಎನ್ನುವವರಿದ್ದಾರೆ. 1995ರಲ್ಲಿ ಬ್ರೆಂಡನ್ ಐಕ್ ಅದರ ಮೊದಲ ರೂಪ ಕಟ್ಟಿದ್ದು ನಿಜ. ಆದರೆ ಸ್ಕೀಮ್, ಸೆಲ್ಫ್ ಎಂಬ ಭಾಷೆಗಳ ವಿಚಾರಗಳು ಆಗಲೇ ಅವರ ತಲೆಯಲ್ಲಿದ್ದವು. ಅಷ್ಟು ಓದಿದವರ ಅವಸರದ ಕೆಲಸದಲ್ಲೂ ತಪ್ಪು ಉಳಿಯಿತು. ಇವತ್ತಿಗೂ ಜಾವಾಸ್ಕ್ರಿಪ್ಟ್‌ನಲ್ಲಿ 'ನಲ್', ಅಂದರೆ 'ಏನೂ ಇಲ್ಲ', ಯಾವ ಟೈಪ್ ಎಂದು ಕೇಳಿದರೆ 'ಆಬ್ಜೆಕ್ಟ್', ಅಂದರೆ 'ವಸ್ತು', ಎನ್ನುತ್ತದೆ.

ಫ್ರೇಮ್‌ವರ್ಕ್‌ಗಳು, ಅಂದರೆ ಸಿದ್ಧ ಕೋಡಿನ ಚೌಕಟ್ಟುಗಳು, ಬರುತ್ತವೆ, ಹೋಗುತ್ತವೆ. 2010ರಲ್ಲಿ ಬಂದ ಆಂಗ್ಯುಲರ್‌ಜೆಎಸ್‌ಗೆ 2021ರ ಕೊನೆಗೆ ಬೆಂಬಲ ನಿಂತಿತು. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿ ಇನ್ನೂ ಇದೆ. ನನ್ನ ಹತ್ತಿರ ಕಲಿಯಲು ಬಂದವರಿಗೆ ಮೊದಲ ಎರಡು ವಾರ ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ತೆರೆದು, 200 (ಸರಿ), 404 (ಸಿಗಲಿಲ್ಲ), 500 (ಸರ್ವರ್‌ನಲ್ಲಿ ತಪ್ಪು) ಎಂಬ ಉತ್ತರಗಳು ಯಾಕೆ ಬರುತ್ತವೆ ಎಂದು ನೋಡಲು ಹೇಳುತ್ತೇನೆ. ಮೂರನೇ ವಾರದಿಂದ ಪ್ರಾಜೆಕ್ಟ್.