ಗ್ಯಾಸ್ ಹೋದದ್ದೆಲ್ಲಿ?

ಮಲೆನಾಡಿನವರಿಗೆ ಕಾರಿನ ಎಸಿ ಜಾಸ್ತಿ ಬೇಕಾಗುವುದು ಮಳೆಗಾಲದಲ್ಲಿ. ಆಗುಂಬೆ ಘಾಟಿಯಲ್ಲಿ ಮುಂದಿನ ಗಾಜಿಗೆ ಒಳಗಿನಿಂದ ಮಬ್ಬು ಕಟ್ಟಿದರೆ ಎಸಿಯೇ ಗತಿ. ಕಾರೊಳಗಿನ ತೇವ ಹೀರುವುದು ಅದೇ ತಾನೇ? ಅದು ಕೈಕೊಟ್ಟರೆ ಪಕ್ಕದಲ್ಲಿ ಕೂತವರಿಗೆ ಗಾಜು ಒರೆಸುವ ಕೆಲಸ. ನಮ್ಮಲ್ಲಿ ಆ ಹುದ್ದೆ ಹೆಂಡತಿಯದು, ಬಟ್ಟೆ ನನ್ನ ಹೊಸ ಟವೆಲ್ಲು.

ಈ ಸಲ ಎಸಿ ಕೈಕೊಟ್ಟೇಬಿಟ್ಟಿತು. ಕೇಳಿದವರೆಲ್ಲ "ಗ್ಯಾಸ್ ಖಾಲಿ, ತುಂಬಿಸಿ" ಎಂದರು. ಹೋದ ವರ್ಷವೂ ತುಂಬಿಸಿದ್ದೆ. ಅದೇನು ಪೆಟ್ರೋಲಾ, ಉರಿದು ಖರ್ಚಾಗಲು? ಮುಚ್ಚಿದ ಪೈಪಿನೊಳಗೆ ಸುಮ್ನೆ ಸುತ್ತುತ್ತಿರುತ್ತದೆ. ಇಷ್ಟು ಬೇಗ ಕಮ್ಮಿಯಾದರೆ ಎಲ್ಲೋ ಸೋರುತ್ತಿದೆ ಎಂದೇ ಲೆಕ್ಕ.

"ಲೀಕು ನಾನು ಮೊದಲೇ ನೋಡಿದ್ದೆ" ಎಂದರು ಮಾವ. ಎಸಿ ಹಾಕಿದಾಗ ಕಾರಿನಡಿ ತೊಟ್ಟಿಕ್ಕುವ ನೀರನ್ನು ಅವರು ಗ್ಯಾಸ್ ಎಂದೇ ನಂಬಿದ್ದಾರೆ. ಗಾಳಿಯ ತೇವ ತಣ್ಣಗಿನ ಕಾಯಿಲ್‌ಗೆ ತಾಗಿ ನೀರಾಗಿ ಇಳಿಯುವುದು ಎಸಿ ಚೆನ್ನಾಗಿರುವ ಗುರುತು ಎಂದರೆ ಕೇಳಬೇಕಲ್ಲ! ಈಗ ಒಂದು ಹನಿಯೂ ಬೀಳುತ್ತಿರಲಿಲ್ಲ. "ನೋಡಿ, ತಾನಾಗೇ ಸರಿಹೋಯ್ತು" ಎಂದು ಖುಷಿಪಟ್ಟರು.

ಶಿವಮೊಗ್ಗದ ಗ್ಯಾರೇಜಿನ ಹುಡುಗ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿದ. ಎರಡೂ ಮುಳ್ಳು ಕೆಳಗೇ ಇದ್ದವು. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಟಕ್ ಎಂದು ಹತ್ತಿ ಟಕ್ ಎಂದು ಆರುತ್ತಿತ್ತು. ಗ್ಯಾಸ್ ಕಮ್ಮಿ, ಅನುಮಾನವಿಲ್ಲ. ಸೋರುವ ಕಡೆ ಗ್ಯಾಸಿನ ಜೊತೆ ಎಣ್ಣೆಯೂ ಹೊರಬಂದು ಜಿಡ್ಡು ಕಲೆಯಾಗಿರುತ್ತದೆ, ಹುಡುಕೋಣ ಎಂದ. ತೀರ್ಥಹಳ್ಳಿ ಕಡೆಯ ಕೆಂಪು ಕೆಸರು ಮೆತ್ತಿಕೊಂಡ ಕಾರಿನಲ್ಲಿ ಕಲೆ! ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿ ಸೀದಾ ತೊಳೆಯಲು ಕಳಿಸಿದ.

ತೊಳೆದರೂ ಸಿಗಲಿಲ್ಲ. ಸ್ವಲ್ಪ ಗ್ಯಾಸಿನ ಜೊತೆ ಬಣ್ಣದ ಡೈ ತುಂಬಿ, "ಎಸಿ ಹಾಕಿ ಓಡಾಡಿ, ಆಮೇಲೆ ಬನ್ನಿ ಸಾರ್" ಎಂದ. ಯುವಿ ಟಾರ್ಚ್ ಬಿಟ್ಟರೆ ಸೋರಿದ ಡೈ ಹಸಿರಾಗಿ ಹೊಳೆಯುತ್ತದಂತೆ. ಆದರೆ ಕತ್ತಲು ಬೇಕು. ನಾವು ಮತ್ತೆ ಹೋದದ್ದು ಮಟಮಟ ಮಧ್ಯಾಹ್ನ. ಡಿಕ್ಕಿಯಲ್ಲಿದ್ದ ಅಡಿಕೆ ಮುಚ್ಚುವ ಟಾರ್ಪಾಲು ಹೊದ್ದು ನಾನೂ ಅವನೂ ಬಾನೆಟ್ಟಿಗೆ ತಲೆ ತೂರಿಸಿದೆವು. ಟಾರ್ಪಾಲಿನಿಂದ ಹೊರಗೆ ನಾಲ್ಕು ಕಾಲು. ಚಹಾ ತಂದ ಹುಡುಗ ಲೋಟ ಯಾರಿಗೆ ಕೊಡುವುದೆಂದು ತಿಳಿಯದೆ ನಿಂತೇ ಇದ್ದ. ಒಳಗೆ, ಕಾರಿನ ಮೂತಿಯಲ್ಲಿ ಕೂತು ಗ್ಯಾಸಿನ ಬಿಸಿ ಕಳೆಯುವ ಕಂಡೆನ್ಸರಿನ ಮೂಲೆಯಲ್ಲಿ, ಕಲ್ಲು ತಾಗಿದ ಜಾಗ ಮಿಂಚುಹುಳದಂತೆ ಹೊಳೆಯಿತು.

ಹೊಸ ಕಂಡೆನ್ಸರ್ ಕೂತಿತು. ಪೈಪಿನೊಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಮಾಡಿ, ಲೀಕಿಲ್ಲವೆಂದು ಖಾತ್ರಿಪಡಿಸಿಕೊಂಡು, ತೂಕ ಹಾಕಿ ಅರ್ಧ ಕೆಜಿ ಆಸುಪಾಸು ಆರ್-134ಎ ಗ್ಯಾಸ್ ತುಂಬಿದ. ಗ್ಯಾಸಿನ ರೇಟು ಕೇಳಿ ಮಾವ, "ಎಲ್ಲಕ್ಕಿಂತ ದುಬಾರಿ ಸರಕು ಅಡಿಕೆಗೂ ಈ ಬೆಲೆ ಇಲ್ಲವಲ್ರೀ" ಎಂದರು.

ಅಂಗಳದಲ್ಲಿ ಕಾರು ನಿಲ್ಲಿಸಿದೆ. ಕೆಳಗೆ ಟಪ್ ಟಪ್. ಮಾವ ಬಗ್ಗಿ ನೋಡಿದರು.

"ಬಿಲ್ ಇಟ್ಕೊಂಡಿದೀರಾ?"