ಮನೆ ನೋಡುವವರು ನೀರಿನ ಬಿಲ್ಲನ್ನೂ ನೋಡಿ

ಬೆಂಗಳೂರಿನ ಹೊರವಲಯದಲ್ಲಿ ಮನೆ ನೋಡಲು ಬಂದವರಿಗೆ ಈಜುಕೊಳ, ಕ್ಲಬ್‌ಹೌಸ್, ಮುಂದೆಂದೋ ಬರಲಿರುವ ಮೆಟ್ರೋ ನಿಲ್ದಾಣದ ದೂರ ಎಲ್ಲವನ್ನೂ ಬಣ್ಣಿಸುವ ಬಿಲ್ಡರ್‌ಗಳು, ಅಡುಗೆಮನೆಯ ನಲ್ಲಿಯಲ್ಲಿ ಬರುವ ನೀರು ಎಲ್ಲಿಯದು ಎಂಬುದನ್ನು ಮಾತ್ರ ತಾವಾಗಿ ಹೇಳುವುದಿಲ್ಲ. ಇದು ಅನ್ಯಾಯವೆಂದೇ ನನ್ನ ಭಾವನೆ.

2007ರಲ್ಲಿ ಸುತ್ತಲಿನ 110 ಹಳ್ಳಿಗಳು ಮಹಾನಗರ ಪಾಲಿಕೆಗೆ ಸೇರಿದವು. ಅವುಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಯೋಜನೆಯದು, ಸಂತೋಷ. ಆದರೆ ರಸ್ತೆಯಲ್ಲಿ ಕೊಳವೆ ಹೂತ ಮಾತ್ರಕ್ಕೆ ಮನೆಯ ಸಂಪ್‌ಗೆ ನೀರು ಬೀಳುವುದಿಲ್ಲ. ಅರ್ಜಿ, ಶುಲ್ಕ, ರಸ್ತೆ ಅಗೆತ ಎಲ್ಲ ಮುಗಿದು ಸಂಪರ್ಕ ಸಿಗುವವರೆಗೆ ಕೊಳವೆಬಾವಿ ಮತ್ತು ಟ್ಯಾಂಕರ್‌ಗಳೇ ಗತಿ.

ಕೊಳವೆಬಾವಿಯ ಗಡಸು ನೀರಿನಿಂದ ನಮ್ಮ ಮನೆಯ ಶವರ್‌ನ ತೂತುಗಳೆಲ್ಲ ಬಿಳಿಯ ಪದರು ಕಟ್ಟಿ ಮುಚ್ಚಿಹೋಗುತ್ತವೆ. ಗೀಸರ್‌ನ ಕಾಯಿಲ್ ಬಿಚ್ಚಿದರೆ ಸುಣ್ಣದ ಹೆಂಟೆಗಳು ಉದುರುತ್ತವೆ. ಬೇಸಿಗೆಯಲ್ಲಿ ಟ್ಯಾಂಕರ್‌ನವರು ಹೇಳಿದ್ದೇ ದರ. 2024ರಲ್ಲಂತೂ ಜಿಲ್ಲಾಡಳಿತವೇ ದರ ನಿಗದಿಪಡಿಸಬೇಕಾಯಿತು. ಆ ಖರ್ಚೆಲ್ಲ ನಿರ್ವಹಣಾ ಶುಲ್ಕದ ಹೆಸರಿನಲ್ಲಿ ನಿವಾಸಿಗಳ ತಲೆಯ ಮೇಲೆಯೇ ಬೀಳುತ್ತದೆ, ಬ್ಯಾಂಕಿನ ಕಂತು ಬೇರೆ.

ಆದ್ದರಿಂದ ಮುಂಗಡ ಕೊಡುವ ಮೊದಲು ದಯವಿಟ್ಟು ಅಲ್ಲಿನ ನಿವಾಸಿಗಳ ಸಂಘದವರನ್ನು ಕಂಡು, ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ಲುಗಳನ್ನೂ ಜಲಮಂಡಳಿಯ ಸಂಪರ್ಕದ ದಾಖಲೆಯನ್ನೂ ಕೇಳಿ ನೋಡಿ. ಮಳೆಗಾಲದಲ್ಲಿ ಮನೆ ನೋಡಿದವರಂತೂ ಇದನ್ನು ತಪ್ಪಿಸಲೇಬಾರದು.