ಪಾಟಿ ಸವಾಲು ಮರೆತ ವಕೀಲರು

ಎರಡು ಗುಂಟೆ ಜಮೀನಿನ ಬದುವಿನ ತಕರಾರಿಗೆ ಮೂರು ದಿನ ಪಾಟಿ ಸವಾಲು ನಡೆಸಿ, ಸಾಕ್ಷಿಗೆ ಬಂದ ಮುದುಕನ ಬಾಯಿಂದಲೇ ಹುಣಸೆಮರ ಪೂರ್ವಕ್ಕಿದೆಯೆಂದೂ ಪಶ್ಚಿಮಕ್ಕಿದೆಯೆಂದೂ ಹೇಳಿಸಿದ ಖ್ಯಾತಿ ನಮ್ಮ ತಾಲ್ಲೂಕಿನ ವಕೀಲ ಸಾಹೇಬರದು. ಆ ನಾಲಿಗೆಯನ್ನು ನಂಬಿಯೇ ನಾವು ಅವರನ್ನು ಲೋಕಸಭೆಗೆ ಕಳುಹಿಸಿದೆವು.

ದೆಹಲಿಯಲ್ಲಿ ನಾಲಿಗೆಗೆ ಕೆಲಸವಿರಲಿಲ್ಲ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಅಪ್ಪಣೆ) ಮೀರಿ ಮತ ಹಾಕಿದರೆ, ಅಷ್ಟೇಕೆ, ಮತ ಹಾಕದೆ ಸುಮ್ಮನೆ ಕುಳಿತರೂ ಸದಸ್ಯತ್ವಕ್ಕೆ ಸಂಚಕಾರ. ಪಕ್ಷಾಂತರದ ಸಂತೆಯನ್ನು ಮುಚ್ಚಿಸಲು ತಂದ ಕಾನೂನು ಅದು. ಸಂತೆ ಮುಚ್ಚಿತೇ ಎಂದು ಕೇಳಬೇಡಿ; 2019ರಲ್ಲಿ ನಮ್ಮ ಶಾಸಕರು ಮುಂಬಯಿಯ ಹೋಟೆಲಿನಲ್ಲಿ ಬೀಡುಬಿಟ್ಟದ್ದನ್ನು ಕಂಡವರು ನಾವು. ಮುಚ್ಚಿದ್ದು ಬಾಯಿ ಮಾತ್ರ.

2023ರ ಡಿಸೆಂಬರಿನಲ್ಲಿ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮ ಮೂರನ್ನೂ ಬದಲಿಸುವ ಮಸೂದೆಗಳು ಸದನಕ್ಕೆ ಬಂದವು. ಅಂದರೆ, ಸಾಹೇಬರು ಮೂವತ್ತು ವರ್ಷ ಅನ್ನ ಉಂಡ ಮೂರೂ ಪುಸ್ತಕಗಳು. ಆ ಅಧಿವೇಶನದಲ್ಲಿ ಎರಡೂ ಸದನಗಳಿಂದ ಒಟ್ಟು 146 ವಿರೋಧ ಪಕ್ಷದ ಸದಸ್ಯರು ಅಮಾನತಾಗಿದ್ದರಿಂದ, ಎದುರು ಪಕ್ಷದ ವಕೀಲರಿಲ್ಲದೆ ವಾದ ಮಂಡಿಸುವ ಸುಯೋಗ ಒದಗಿತ್ತು. ಯಾವ ಮುನ್ಸೀಫ್ ಕೋರ್ಟಿನಲ್ಲೂ ಸಿಗದ ಭಾಗ್ಯವದು. 20ರಂದು ಲೋಕಸಭೆ ಧ್ವನಿಮತದಿಂದ ಮೂರನ್ನೂ ಅಂಗೀಕರಿಸಿತು. ಆ ಧ್ವನಿಯಲ್ಲಿ ಸಾಹೇಬರ ಪಾಲು ಒಂದೇ ‘ಹೌದು’. ಹುಣಸೆಮರಕ್ಕೆ ಮೂರು ದಿನ ಕೊಟ್ಟವರು ಕೊಲೆ, ಕಳವು, ವಂಚನೆ, ಜಾಮೀನುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಇತ್ಯರ್ಥಪಡಿಸಿದರು.

ಸಂಸದರು ವಕೀಲಿ ಮಾಡಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2018ರಲ್ಲೇ, ಅವರು ಪೂರ್ಣಾವಧಿಯ ಸಂಬಳದ ನೌಕರರಲ್ಲವಾದ್ದರಿಂದ ಅಡ್ಡಿಯಿಲ್ಲ ಎಂದು ಹೇಳಿದೆ. (ಪೂರ್ಣಾವಧಿಯಲ್ಲ ಎಂಬುದು ಕಲಾಪದ ನೇರಪ್ರಸಾರ ನೋಡುವವರಿಗೆ ಮೊದಲೇ ಗೊತ್ತಿತ್ತು.) ಹೀಗಾಗಿ, ಹೊಸ ಕಾನೂನುಗಳು 2024ರ ಜುಲೈ 1ರಂದು ಜಾರಿಯಾದ ಮೇಲೆ, ಅಧಿವೇಶನವಿಲ್ಲದ ಒಂದು ದಿನ, ಸಾಹೇಬರು ಮಾಸಿದ ಕರಿಕೋಟು ತೊಟ್ಟು ವಂಚನೆಯ ಆರೋಪಿಯೊಬ್ಬನಿಗೆ ಜಾಮೀನು ಕೇಳಲು ನಿಂತರು.

“420ನೇ ಕಲಂ, ಸ್ವಾಮಿ,” ಎಂದರು.

“318,” ಎಂದು ನ್ಯಾಯಾಧೀಶರು ತಲೆಯೆತ್ತದೆ ತಿದ್ದಿದರು.

ಹೊರಗೆ ಜಗಲಿಯಲ್ಲಿ ಅವರ ಕಿರಿಯ ವಕೀಲೆ ಹಳೆಯ ಮತ್ತು ಹೊಸ ಕಲಂಗಳ ಕೋಷ್ಟಕವನ್ನು ಬಿಡಿಸಿ ಹಿಡಿದಳು. ಸಾಹೇಬರು ಕನ್ನಡಕವನ್ನು ಹಣೆಗೇರಿಸಿ, ಸಾಲುಗಳ ಮೇಲೆ ಬೆರಳಾಡಿಸುತ್ತ, “ಇಷ್ಟೆಲ್ಲ ಬದಲಾಯಿಸುವ ಮುಂಚೆ ಒಬ್ಬ ವಕೀಲನನ್ನಾದರೂ ಕೇಳಬಾರದಿತ್ತೇನಮ್ಮ?” ಎಂದು ಗೊಣಗಿದರು.

ಅವಳು ಪುಟ ತಿರುವಿದಳು.